ಸ್ಮಾರಕಕ್ಕೆ ಹಾರ, ಕುಲುಮೆಗೆ ಬೀಗ

ಮಾಟುಂಗದಲ್ಲಿ ನೆಲೆಸಿರುವ ಕನ್ನಡಿಗರಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಮನೆಯ ಹಿರಿಯರ ಹೆಸರಿನಷ್ಟೇ ಪರಿಚಿತ. ರೈಲುಹಳಿಯ ಪಶ್ಚಿಮಕ್ಕಿರುವ ಕರ್ನಾಟಕ ಸಂಘದ ಕಟ್ಟಡ ಅವರ ಸ್ಮಾರಕ ಮಂದಿರ. ಹಳಿ ದಾಟಿ ಪೂರ್ವಕ್ಕೆ ಬಂದರೆ 1926ರಷ್ಟು ಹಿಂದೆ ಹುಟ್ಟಿದ ಮೈಸೂರು ಅಸೋಸಿಯೇಷನ್. ಅವರು ಕಟ್ಟಿ ನಿಲ್ಲಿಸಿದ ಸಂಸ್ಥಾನದ ಹೆಸರನ್ನು ಆ ಸಂಸ್ಥಾನವೇ ಇಲ್ಲವಾದ ಮೇಲೂ ಅದು ಕಾಪಾಡಿಕೊಂಡು ಬಂದಿದೆ. ಪ್ರತಿ ಸೆಪ್ಟೆಂಬರ್ 15ರಂದು ನಾವು ಅವರನ್ನು ನೆನೆಯುತ್ತೇವೆ. ಕನ್ನಂಬಾಡಿಯ ಮಾತು ಬರುತ್ತದೆ, ಶಿಸ್ತಿನ ಮಾತು ಬರುತ್ತದೆ, ಮೈಸೂರು ಪೇಟದ ಮಾತೂ ಬರುತ್ತದೆ. ಭದ್ರಾವತಿಯ ಮಾತು ಮಾತ್ರ ಬರುವುದಿಲ್ಲ.

ಒಮ್ಮೆ ಬಂದಿತ್ತು. ಇಂಥದೊಂದು ಸಂಜೆ ಕಾರ್ಯಕ್ರಮ ಮುಗಿಸಿ ನಾಲ್ಕು ಜನ ಪಕ್ಕದ ಹೋಟೆಲಿನಲ್ಲಿ ಕಾಫಿಗೆ ಕುಳಿತಿದ್ದೆವು. ನಾನೇ ಮಾತೆತ್ತಿದೆ. ನಮ್ಮ ನಡುವಿನ ಹಿರಿಯ ಲೆಕ್ಕಪರಿಶೋಧಕರೊಬ್ಬರು ಲೋಟ ಕೆಳಗಿಡದೆಯೇ ತೀರ್ಪು ಕೊಟ್ಟರು: "ಇನ್ನೆಷ್ಟು ದಿನ ಸ್ವಾಮಿ ಆ ಹಳೇ ಕಬ್ಬಿಣ ಹೊತ್ತುಕೊಂಡು ತಿರುಗುವುದು? ನೂರು ವರ್ಷ ಆಯಿತು. ವಯಸ್ಸಾಯಿತು, ಹೋಗುತ್ತದೆ. ಅದಕ್ಕೇಕೆ ಸೂತಕ?" ಉಳಿದವರು ತಲೆಯಾಡಿಸಿದರು. ಅವರ ಮೇಲೆ ನನಗೆ ಗೌರವವಿದೆ. ಅಂದು ನಾನು ಸುಮ್ಮನಿದ್ದೆ. ಅಂದು ಬಾಯಿಗೆ ಬಾರದ ಉತ್ತರವೇ ಈ ಲೇಖನ.

ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಕೇಂದ್ರ ಸರಕಾರದ ಅಧಿಕಾರಿ. ನನ್ನ ಇಲಾಖೆಗೂ ಉಕ್ಕಿಗೂ ಸಂಬಂಧವಿಲ್ಲ. ನಾನು ಹುಟ್ಟಿದ್ದು ಭದ್ರಾವತಿಯಲ್ಲಿ. ತಂದೆಯವರು ಕಬ್ಬಿಣದ ಕಾರ್ಖಾನೆಯ ಕೊಳವೆ ಎರಕದ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಅವರ ಸಂಬಳದಲ್ಲಿ ನಾನು ಶಂಕರಘಟ್ಟದ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರದ ಸ್ನಾತಕೋತ್ತರ ಪದವಿ ಪಡೆದೆ. ಆ ಪದವಿ ನನ್ನನ್ನು ಇಲ್ಲಿಗೆ ತಂದಿತು. ಹಾಗಾಗಿ ನಾನು ನಿಷ್ಪಕ್ಷಪಾತಿಯೆಂದು ಹೇಳಿಕೊಳ್ಳಲಾರೆ. ಆದರೆ ಉಪ್ಪಿನ ಋಣವಿರುವವನು ಸುಳ್ಳನ್ನೇ ಹೇಳಬೇಕೆಂದೇನೂ ಇಲ್ಲವಷ್ಟೆ.

*

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಭದ್ರಾನದಿಯ ದಡದ ಸಣ್ಣ ಊರು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವೇ ಅದರ ಹೆಗ್ಗಳಿಕೆ. ಅಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟುವ ಯೋಚನೆಯನ್ನು ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗಿನ ತಮ್ಮ ದಿವಾನಗಿರಿಯ ಕಾಲದಲ್ಲಿ ರೂಪಿಸಿದರು. ಜಮ್ಷೆಡ್‌ಪುರಕ್ಕೆ ಸಲಹೆಗಾರರಾಗಿದ್ದ ಅಮೆರಿಕದ ಎಂಜಿನಿಯರು ಪೆರಿನ್ ಅವರೇ ಇದಕ್ಕೂ ಸಲಹೆಗಾರರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1923ರ ಜನವರಿ 18ರಂದು, ಕಾರ್ಖಾನೆ ಆರಂಭವಾಯಿತು.

ಆ ಯೋಚನೆಯ ಹಿಂದಿದ್ದ ತರ್ಕವನ್ನು ಗಮನಿಸಬೇಕು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇರಲಿಲ್ಲ. ಕಲ್ಲಿದ್ದಲಿಲ್ಲದ ನಾಡಿಗೆ ಕಬ್ಬಿಣವೇಕೆ ಎಂದು ಕೇಳಿ ಕಡತ ಮುಚ್ಚಬಹುದಿತ್ತು. ವಿಶ್ವೇಶ್ವರಯ್ಯನವರು ಇಲ್ಲದ್ದನ್ನು ಬಿಟ್ಟು ಇದ್ದದ್ದನ್ನು ಎಣಿಸಿದರು. ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಲ್ಲಿ ಅದಿರಿತ್ತು. ಸುತ್ತ ಮಲೆನಾಡಿನ ಕಾಡಿತ್ತು. ಸೌದೆಯನ್ನು ಸುಟ್ಟರೆ ಇದ್ದಿಲು, ಆ ಸುಡುವಿಕೆಯ ಹೊಗೆಯನ್ನು ಬಟ್ಟಿಯಿಳಿಸಿದರೆ ಮೆಥನಾಲು, ಟಾರು ಮೊದಲಾದ ಉಪೋತ್ಪನ್ನಗಳು. ಭದ್ರೆಯಲ್ಲಿ ನೀರಿತ್ತು. ಬೀರೂರು–ಶಿವಮೊಗ್ಗ ರೈಲುದಾರಿ ಹತ್ತಿರವಿತ್ತು. ಅದಿರು ಬೆಟ್ಟದಿಂದ ಹಗ್ಗದ ದಾರಿಯಲ್ಲಿ ಇಳಿಯಿತು. ಸೌದೆ ಕಾಡಿನೊಳಗಿನ ಟ್ರಾಮ್ ಹಳಿಗಳ ಮೇಲೆ ಬಂದಿತು. ಕಾರ್ಖಾನೆಯ ಪೂರ್ಣ ಹೆಸರಿನಲ್ಲಿ 'ಮರದ ಬಟ್ಟಿ' ಎಂಬ ಮಾತೇ ಕಬ್ಬಿಣಕ್ಕಿಂತ ಮೊದಲು ಬರುತ್ತಿತ್ತು. ಅಂದರೆ ಭದ್ರಾವತಿ ಒಂದು ಕುಲುಮೆಯಲ್ಲ. ಬೆಟ್ಟ, ಕಾಡು, ನದಿ, ಹಳಿ ಇವನ್ನು ಒಂದೇ ಕೈಯ ಅಧೀನದಲ್ಲಿ ಜೋಡಿಸಿದ ಒಂದು ವ್ಯವಸ್ಥೆ. ಮುಂದಿನ ನನ್ನ ವಾದವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಈ ವ್ಯವಸ್ಥೆ ಹುಟ್ಟಿದಾಗಲೇ ನಷ್ಟದಲ್ಲಿ ಹುಟ್ಟಿತು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಕಬ್ಬಿಣದ ಬೆಲೆ ಕುಸಿದಿತ್ತು. ಅದೇ ಹೊತ್ತಿಗೆ ಜರ್ಮನಿಯಲ್ಲಿ ಮೆಥನಾಲನ್ನು ಮರದ ಹಂಗಿಲ್ಲದೆ ಅನಿಲಗಳಿಂದಲೇ ತಯಾರಿಸುವ ವಿಧಾನ ಬಳಕೆಗೆ ಬಂದು, ಬಟ್ಟಿಯಿಂದ ಬರಬೇಕಿದ್ದ ಆದಾಯದ ಲೆಕ್ಕ ತಲೆಕೆಳಗಾಯಿತು. ದಿವಾನಗಿರಿ ಬಿಟ್ಟು ವರ್ಷಗಳೇ ಕಳೆದಿದ್ದ ವಿಶ್ವೇಶ್ವರಯ್ಯನವರನ್ನು ಸಂಸ್ಥಾನ ಮತ್ತೆ ಕರೆಯಿತು. 1923ರಿಂದ 1929ರವರೆಗೆ ಅವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದು, ಖರ್ಚು ಕಡಿದು, ಸ್ಥಳೀಯರನ್ನು ತರಬೇತುಗೊಳಿಸಿ, ಕಾರ್ಖಾನೆಯನ್ನು ದಡ ಸೇರಿಸಿದರು. ಆ ಕೆಲಸಕ್ಕಾಗಿ ತಮಗೆ ಸಲ್ಲಬೇಕಿದ್ದ ಹಣವನ್ನು ತಾವು ಇಟ್ಟುಕೊಳ್ಳದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು. ಬೆಂಗಳೂರಿನ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆ ಹುಟ್ಟಿದ್ದು ಅದರಿಂದ.

ನಷ್ಟವನ್ನು ಕಂಡು ಅವರು ಮಾಡಿದ್ದೇನು, ನಾವು ಮಾಡುತ್ತಿರುವುದೇನು? ಬಟ್ಟಿಯ ಲೆಕ್ಕ ಕೆಟ್ಟಾಗ ಸಂಸ್ಥಾನ ಬೀಗ ಹುಡುಕಲಿಲ್ಲ, ಹೊಸ ಸರಕು ಹುಡುಕಿತು. ಎರಕದ ಕೊಳವೆ ಬಂದಿತು. 1930ರ ದಶಕದಲ್ಲಿ ಉಕ್ಕು, ಸಿಮೆಂಟು ಬಂದವು. ಆಮೇಲೆ ಫೆರೊ ಸಿಲಿಕಾನ್. ಜೋಗದ ವಿದ್ಯುತ್ತು ಹರಿದ ಮೇಲೆ, 1950ರ ದಶಕದ ಆರಂಭದಲ್ಲಿ, ಇದ್ದಿಲಿನ ಜಾಗಕ್ಕೆ ವಿದ್ಯುತ್ ಕುಲುಮೆ ಬಂದಿತು. 1960ರ ದಶಕದಲ್ಲಿ ಮಿಶ್ರಲೋಹ ಮತ್ತು ವಿಶೇಷ ಉಕ್ಕು. ಪ್ರತಿ ಹದಿನೈದು–ಇಪ್ಪತ್ತು ವರ್ಷಕ್ಕೊಮ್ಮೆ ಈ ಕಾರ್ಖಾನೆ ಹೊಸ ಹುಟ್ಟು ಪಡೆದಿದೆ. ನೂರು ವರ್ಷದ ಮುದುಕ ಎಂದು ನಾವು ಕರೆಯುವುದು ನಾಲ್ಕು ಬಾರಿ ಮರುಹುಟ್ಟು ಪಡೆದ ಒಂದು ಜೀವವನ್ನು.

ಆ ಕಾರ್ಖಾನೆಯ ಮಗ್ಗುಲಲ್ಲಿ 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ನದಿಯ ಒಂದು ಕಡೆ ಹಳೆಯ ನಗರ. ಇತ್ತ ನ್ಯೂ ಟೌನ್, ಪೇಪರ್ ಟೌನ್. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಪಾಳಿ ಬದಲಾಗುತ್ತಿತ್ತು. ನಮ್ಮ ಮನೆಯಲ್ಲಿ ಗಡಿಯಾರ ಕೆಟ್ಟಾಗ ಯಾರೂ ಅವಸರದಿಂದ ರಿಪೇರಿ ಮಾಡಿಸಿದ್ದು ನನಗೆ ನೆನಪಿಲ್ಲ. ಸೈಕಲ್ಲುಗಳ ಸದ್ದೇ ಸಮಯ ಹೇಳುತ್ತಿತ್ತು. ನಮ್ಮ ಸಾಲಿನ ಹತ್ತು ಮನೆಗಳಲ್ಲಿ ತಮಿಳರಿದ್ದರು, ತೆಲುಗರಿದ್ದರು, ಮಲೆಯಾಳಿಗಳಿದ್ದರು, ಉರ್ದು ಮಾತಾಡುವವರಿದ್ದರು. ಅವರ ಮಕ್ಕಳು ನಮ್ಮೊಡನೆ ಕನ್ನಡ ಶಾಲೆಯಲ್ಲಿ ಓದಿದರು. ಅವರಿಗೆ ಕನ್ನಡ ಕಲಿಸಲು ಯಾರೂ ಚಳವಳಿ ಹೂಡಲಿಲ್ಲ. ಅನ್ನ ಕನ್ನಡದ ಊರಿನಲ್ಲಿ ಹುಟ್ಟುತ್ತಿತ್ತು. ಮಾತು ತಾನಾಗಿ ಹಿಂಬಾಲಿಸಿತು.

*

ಈಗ ಆ ಹಿರಿಯ ಮಿತ್ರರ ವಾದಕ್ಕೆ ಬರೋಣ. ವಯಸ್ಸಾಯಿತು ಎಂಬುದು ಮೊದಲ ವಾದ. ಅವರು ಕಾಫಿ ಕುಡಿದು ತೀರ್ಪು ಕೊಟ್ಟ ಹೋಟೆಲಿನಿಂದ ಸ್ವಲ್ಪ ದೂರ ನಡೆದರೆ ಮಾಟುಂಗದ ರೈಲ್ವೆ ವರ್ಕ್‌ಷಾಪಿನ ಗೋಡೆ ಸಿಗುತ್ತದೆ. ಅದು 1915ರದು, ಭದ್ರಾವತಿಯ ಕಾರ್ಖಾನೆಗಿಂತ ಎಂಟು ವರ್ಷ ಹಿರಿದು. ಅದೂ ಸರಕಾರದ್ದೇ. ಅಲ್ಲಿ ಇಂದಿಗೂ ರೈಲುಡಬ್ಬಿಗಳು ದುರಸ್ತಿಯಾಗಿ ಹಳಿಗೆ ಮರಳುತ್ತವೆ. ಅದಕ್ಕೇಕೆ ವಯಸ್ಸಾಗಲಿಲ್ಲ? ಅದರ ಒಡೆಯನಿಗೆ ಅದರಿಂದ ಕೆಲಸ ಬೇಕಾಗಿದೆ; ಆದ್ದರಿಂದ ಅದಕ್ಕೆ ಕೆಲಸ ಕೊಡುತ್ತಾನೆ, ಯಂತ್ರ ಬದಲಿಸುತ್ತಾನೆ, ಜನರನ್ನು ನೇಮಿಸುತ್ತಾನೆ. ಜಮ್ಷೆಡ್‌ಪುರವೂ ಭದ್ರಾವತಿಗಿಂತ ಹಳೆಯದೇ. ಕಾರ್ಖಾನೆಗೆ ವಯಸ್ಸಾಗುವುದು ಪಂಚಾಂಗದಿಂದಲ್ಲ, ಒಡೆಯನ ಅಲಕ್ಷ್ಯದಿಂದ.

ಜಮ್ಷೆಡ್‌ಪುರದ ಹೆಸರು ಬಂದದ್ದರಿಂದ ಇನ್ನೊಂದು ಮಾತು. ಮುಂಬಯಿಯಲ್ಲಿ ಕುಳಿತು ಟಾಟಾ ಮನೆತನದ ಸಾಹಸವನ್ನು ಕೊಂಡಾಡುವ ನಾವು, 1924ರಲ್ಲಿ ಆ ಕಂಪನಿ ದಿವಾಳಿಯ ಅಂಚಿಗೆ ಬಂದಿತ್ತೆಂಬುದನ್ನು ಮರೆಯುತ್ತೇವೆ. ದೊರಾಬ್ಜಿ ಟಾಟಾ ತಮ್ಮ ಸ್ವಂತ ಆಸ್ತಿಯನ್ನು ಒತ್ತೆಯಿಟ್ಟರು, ನಿಜ. ಅದರೊಂದಿಗೆ ಅದೇ ವರ್ಷ ಉಕ್ಕಿನ ಉದ್ಯಮಕ್ಕೆ ರಕ್ಷಣೆ ನೀಡುವ ಕಾಯಿದೆಯನ್ನು ಆಗಿನ ಬ್ರಿಟಿಷ್ ಸರಕಾರವೇ ತರಬೇಕಾಯಿತು. ಈ ದೇಶದ ಯಾವ ದೊಡ್ಡ ಉಕ್ಕಿನ ಕಾರ್ಖಾನೆಯೂ ಸರಕಾರದ ನೆರಳಿಲ್ಲದೆ ಬಿಸಿಲಿನಲ್ಲೇ ಬೆಳೆದದ್ದಲ್ಲ. ನೆರಳು ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು ಎಂಬುದೇ ಪ್ರಶ್ನೆ.

ಎರಡನೆಯ ವಾದ: ಕಾರ್ಮಿಕರು ಹಾಳುಮಾಡಿದರು, ಜನ ಹೆಚ್ಚಾಗಿದ್ದರು. ಜನ ಹೆಚ್ಚಾಗಿದ್ದ ಕಾಲವೊಂದಿತ್ತು. ಒಂದು ಕಾಲಕ್ಕೆ ಅಲ್ಲಿನ ಕಾಯಂ ನೌಕರರ ಸಂಖ್ಯೆ ಹತ್ತು ಸಾವಿರ ದಾಟಿತ್ತು. ಶಿಫಾರಸಿನ ನೇಮಕಗಳೂ ನಡೆದಿದ್ದವು. ಅಲ್ಲಿ ಬೆಳೆದವನು ಅದನ್ನು ಅಲ್ಲಗಳೆಯಲಾರ. ಆದರೆ 2023ರ ಹೊತ್ತಿಗೆ ಅಲ್ಲಿ ಉಳಿದಿದ್ದ ಕಾಯಂ ನೌಕರರು ಕೆಲವೇ ನೂರು; ಗುತ್ತಿಗೆ ಕಾರ್ಮಿಕರು ಸುಮಾರು 1,300. ಹತ್ತು ಸಾವಿರವಿದ್ದಾಗ ಜನ ಹೆಚ್ಚಾಯಿತು ಎಂದವರು, ಕೆಲವು ನೂರಕ್ಕಿಳಿದ ಮೇಲೆ ಯಾರನ್ನು ದೂರುತ್ತಾರೆ? ರೋಗಕ್ಕೆ ಹೇಳಿದ ಮದ್ದನ್ನು ಪೂರ್ತಿ ಕುಡಿಸಿಯೂ ರೋಗ ಉಳಿದರೆ, ಮದ್ದು ಹೇಳಿದವರ ನಿದಾನವೇ ತಪ್ಪೆಂದು ಒಪ್ಪಬೇಕು.

ಮೂರನೆಯ ವಾದ: ಸರಕಾರ ವ್ಯಾಪಾರ ಮಾಡಬಾರದು, ಖಾಸಗಿಯವರಿಗೆ ಬಿಟ್ಟರೆ ಎಲ್ಲ ಸರಿಹೋಗುತ್ತದೆ. ನಮ್ಮ ಆಸುಪಾಸಿನ ಊರುಗಳನ್ನೇ ನೋಡಿ. ಹರಿಹರದ ಮೈಸೂರು ಕಿರ್ಲೋಸ್ಕರ್ ಖಾಸಗಿ ಕಂಪನಿ; ಅದರ ಯಂತ್ರೋಪಕರಣಗಳಿಗೆ ದೇಶದಲ್ಲೆಲ್ಲ ಹೆಸರಿತ್ತು; ಅದು ಮುಚ್ಚಿತು. ದಾವಣಗೆರೆಯ ಹತ್ತಿ ಗಿರಣಿಗಳು ಬಹುಪಾಲು ಖಾಸಗಿಯವು. ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದು ತಂದುಕೊಟ್ಟು ಅವೂ ಕಣ್ಣುಮುಚ್ಚಿದವು. ಇತ್ತ ತೋರಣಗಲ್ಲಿನಲ್ಲಿ ಖಾಸಗಿ ಉಕ್ಕಿನ ಕಾರ್ಖಾನೆ ದೈತ್ಯವಾಗಿ ಬೆಳೆಯಿತು. ಅದೇ ತೋರಣಗಲ್ಲಿನಲ್ಲಿ 1971ರಲ್ಲಿ ಇಂದಿರಾ ಗಾಂಧಿಯವರು ಸರಕಾರಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲಿಟ್ಟಿದ್ದರು. ಎರಡು ದಶಕ ಕಳೆದರೂ ಆ ಕಲ್ಲಿನ ಮೇಲೆ ಕಾರ್ಖಾನೆ ಏಳಲಿಲ್ಲ. ಒಡೆತನದ ಜಾತಿಯಿಂದ ಉದ್ಯಮ ಬದುಕುವುದೂ ಇಲ್ಲ, ಸಾಯುವುದೂ ಇಲ್ಲ. ಅದಿರು, ಇಂಧನ, ಬಂಡವಾಳ, ಮಾರುಕಟ್ಟೆ, ಇವುಗಳ ಮೇಲೆ ಹಿಡಿತ ಯಾರಿಗಿದೆಯೋ ಅವರು ಬದುಕುತ್ತಾರೆ. ತೋರಣಗಲ್ಲಿನ ಬೆಳವಣಿಗೆ ತೋರಿಸಿಕೊಡುವುದು ಒಂದೇ: ಕರ್ನಾಟಕದ ನೆಲದಲ್ಲಿ ಉಕ್ಕು ಲಾಭದಾಯಕವಾಗಲಾರದು ಎಂಬ ಮಾತು ಶುದ್ಧ ಸುಳ್ಳು.

*

ಹಾಗಾದರೆ ಭದ್ರಾವತಿಗೆ ಆದದ್ದೇನು? ಒಂದೇ ಕೈಯಲ್ಲಿದ್ದ ವ್ಯವಸ್ಥೆಯನ್ನು ಬೇರೆ ಬೇರೆ ಕೈಗಳು, ಬೇರೆ ಬೇರೆ ಕಡತಗಳಲ್ಲಿ, ಒಂದೊಂದಾಗಿ ಬಿಚ್ಚಿದವು. ಒಂದೊಂದು ನಿರ್ಧಾರಕ್ಕೂ ಅದರದೇ ಸಮರ್ಥನೆ ಇತ್ತು. ಒಟ್ಟು ಫಲ ಏನಾದೀತೆಂದು ಕೇಳುವ ಹೊಣೆ ಯಾರ ಮೇಲೂ ಇರಲಿಲ್ಲ. ಮೂವತ್ತು ವರ್ಷ ಕಡತಗಳ ನಡುವೆ ಕಳೆದ ನಾನು ಈ ಬಗೆಯ ಸಾವನ್ನು ಬಲ್ಲೆ. ಇದರಲ್ಲಿ ಕೊಲೆಗಾರನಿರುವುದಿಲ್ಲ, ಸಹಿಗಳಿರುತ್ತವೆ.

ಮೊದಲು ವಿದ್ಯುತ್ತು. ಜೋಗದ ವಿದ್ಯುತ್ತನ್ನು ನಂಬಿ ವಿದ್ಯುತ್ ಕುಲುಮೆ ಹಾಕಿದ ಕಾರ್ಖಾನೆಗೆ, ನಾಡಿನಲ್ಲಿ ವಿದ್ಯುತ್ ಕೊರತೆ ತಲೆದೋರಿದ ದಶಕಗಳಲ್ಲಿ ಅದೇ ನಂಬಿಕೆ ಮುಳುವಾಯಿತು. ಆಮೇಲೆ ಒಡೆತನ. 1962ರಲ್ಲಿ ಸರಕಾರಿ ಕಂಪನಿಯಾದ ಇದಕ್ಕೆ 1976ರಲ್ಲಿ ವಿಶ್ವೇಶ್ವರಯ್ಯನವರ ಹೆಸರಿಟ್ಟರು. 1989ರಲ್ಲಿ ಅದನ್ನು ಕೇಂದ್ರದ ಉಕ್ಕು ಪ್ರಾಧಿಕಾರ, ಅಂದರೆ ಸೈಲ್, ತನ್ನ ಅಧೀನಕ್ಕೆ ತೆಗೆದುಕೊಂಡಿತು. 1998ರಲ್ಲಿ ಅದು ಸೈಲ್‌ನೊಳಗೇ ಲೀನವಾಯಿತು. ಕೇಂದ್ರದ ಕೈಗೆ ಹೋದದ್ದೇ ತಪ್ಪೆಂದು ನಾನು ಹೇಳುವುದಿಲ್ಲ. ರಾಜ್ಯಕ್ಕೆ ಆಗ ಬಂಡವಾಳ ಹೂಡುವ ಶಕ್ತಿ ಇರಲಿಲ್ಲ. ಸೈಲ್ ಕಾಲದಲ್ಲಿ ಹೊಸ ಊದುಕುಲುಮೆಯೂ ಬಂದಿತು. ಆದರೆ ಭಿಲಾಯಿ, ರೂರ್ಕೆಲ, ಬೊಕಾರೊಗಳೆಂಬ ದೈತ್ಯರ ಮನೆಗೆ ಸೊಸೆಯಾಗಿ ಹೋದ ಚಿಕ್ಕ ಊರಿನ ಹುಡುಗಿಯ ಸ್ಥಿತಿ ಅದಕ್ಕೆ ಒದಗಿತು. ಆ ದೈತ್ಯರಿಗೆಲ್ಲ ಸೈಲ್‌ನ ಸ್ವಂತ ಗಣಿಗಳ ಅದಿರು. ಇದಕ್ಕೆ ಸ್ವಂತ ಗಣಿಯೇ ಇಲ್ಲ.

ಇದು ಇಡೀ ಕಥೆಯ ತಿರುಳು. ಒಂದು ಟನ್ನು ಕಬ್ಬಿಣಕ್ಕೆ ಒಂದೂವರೆ ಟನ್ನಿಗೂ ಹೆಚ್ಚು ಅದಿರು ಬೇಕು. ಅದಿರಿಗಾಗಿಯೇ ಹುಟ್ಟಿದ ಕಾರ್ಖಾನೆ ಅದಿರನ್ನು ಪೇಟೆಯಲ್ಲಿ ಕೊಳ್ಳಬೇಕಾದ ಗತಿ ಬಂದಿತು. ಅರಣ್ಯ ಕಾಯಿದೆಗಳು ಬಿಗಿಯಾದಂತೆ ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತಿತು. ನಿಲ್ಲಬೇಕಾದದ್ದೇ, ಮಲೆನಾಡಿನ ಆ ಬೆಟ್ಟವನ್ನು ಮತ್ತೆ ಅಗೆಯಿರೆಂದು ಯಾವ ವಿವೇಕಿಯೂ ಕೇಳಲಾರ. ಇದ್ದಿಲಿಗಾಗಿ ಕಾಡು ಕಡಿದ ನಮ್ಮ ಹಿಂದಿನವರ ಲೆಕ್ಕದಲ್ಲೂ ಪಾಪವಿದೆ. ಆದರೆ ಒಂದು ಗಣಿ ಮುಚ್ಚಿದರೆ ಬದಲಿಗೆ ಇನ್ನೊಂದನ್ನು ಒದಗಿಸಬೇಕಾಗಿತ್ತು. ಬಳ್ಳಾರಿ ಜಿಲ್ಲೆಯ ಗಣಿಯೊಂದರ ಮಾತು ವರ್ಷಗಟ್ಟಲೆ ನಡೆಯಿತು. ಕೋರ್ಟು, ಅನುಮತಿ, ಅರ್ಜಿಗಳ ನಡುವೆ ಅದಿರು ಮಾತ್ರ ಭದ್ರಾವತಿಗೆ ಬರಲಿಲ್ಲ.

ಆ ವರ್ಷಗಳು ಯಾವುವು ಎಂಬುದನ್ನು ನೆನಪಿಸಿಕೊಳ್ಳಿ. ಚೀನದ ಬೇಡಿಕೆಯಿಂದ ಅದಿರಿನ ಬೆಲೆ ಹಲವು ಪಟ್ಟು ಏರಿದ ವರ್ಷಗಳು. ಬಳ್ಳಾರಿ, ಸಂಡೂರು, ಹೊಸಪೇಟೆಗಳ ಕೆಂಪು ಮಣ್ಣು ಲಾರಿಗಳಲ್ಲಿ ಹಗಲಿರುಳು ಬಂದರುಗಳಿಗೆ ಹರಿದ ವರ್ಷಗಳು. ಜಪ್ತಿ ಮಾಡಿದ ಅದಿರೇ ಬೇಲೇಕೇರಿ ಬಂದರಿನಿಂದ ಮಾಯವಾದದ್ದು 2010ರಲ್ಲಿ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂದದ್ದು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಹಿಡಿದದ್ದು 2011ರಲ್ಲಿ. ಕನ್ನಡ ನಾಡಿನ ಅದಿರು ಕಡಲು ದಾಟಿ ಚೀನದ ಕುಲುಮೆ ಸೇರುತ್ತಿದ್ದಾಗ, ಕನ್ನಡ ನಾಡಿನ ಮೊದಲ ಕಬ್ಬಿಣದ ಕಾರ್ಖಾನೆ ಅದಿರಿಗಾಗಿ ಪೇಟೆಯಲ್ಲಿ ಕೈಚಾಚಿ ನಿಂತಿತ್ತು. ಇದನ್ನು ವಯಸ್ಸು ಎನ್ನಬೇಕೆ? ತೋಟದ ಬಾವಿಯ ನೀರನ್ನು ಪಕ್ಕದೂರಿಗೆ ಮಾರಿ, ಒಣಗಿದ ತೆಂಗಿನ ಮರಕ್ಕೆ ಮುಪ್ಪಾಯಿತು ಎಂದರೆ ನಂಬುವವರಾರು?

ಮುಂದಿನದು ಇನ್ನೂ ವಿಚಿತ್ರ. 2016ರಲ್ಲಿ ಕೇಂದ್ರ ಸಂಪುಟ ಸಮಿತಿ ಇದನ್ನು ಮಾರಲು ತಾತ್ವಿಕ ಒಪ್ಪಿಗೆ ಕೊಟ್ಟಿತು. 2019ರಲ್ಲಿ ಕೊಳ್ಳುವವರನ್ನು ಕರೆಯಿತು. 2022ರ ಅಕ್ಟೋಬರಿನಲ್ಲಿ, ಕೊಳ್ಳುವವರಲ್ಲಿ ಆಸಕ್ತಿ ಸಾಲದೆಂದು ಆ ಪ್ರಯತ್ನವನ್ನೇ ಕೈಬಿಟ್ಟಿತು. ಆರು ವರ್ಷ ಮಾರಾಟದ ಹಲಗೆ ತೂಗಿದ ಮನೆಗೆ ಯಾರು ಸುಣ್ಣ ಹೊಡೆಸುತ್ತಾರೆ? ಸೂರು ಸೋರಿದರೆ ಯಾರು ಹೆಂಚು ಬದಲಿಸುತ್ತಾರೆ? ಕೊನೆಗೆ ಮುಚ್ಚುವ ನಿರ್ಧಾರ ಹೊರಬಿದ್ದದ್ದು 2023ರ ಜನವರಿಯಲ್ಲಿ. ಕಾರ್ಖಾನೆಗೆ ನೂರು ತುಂಬಿದ್ದೂ ಅದೇ ತಿಂಗಳಲ್ಲಿ. ಶತಮಾನೋತ್ಸವದ ಉಡುಗೊರೆಯಾಗಿ ಮರಣಪತ್ರವನ್ನು ಕೊಟ್ಟ ನಿದರ್ಶನ ಬೇರೆಲ್ಲಾದರೂ ಇದ್ದರೆ ಓದುಗರು ತಿಳಿಸಬೇಕು. ಕಾರ್ಮಿಕರು ಬೀದಿಗಿಳಿದರು, ಊರು ಅವರೊಂದಿಗೆ ನಿಂತಿತು, ಬಾಗಿಲು ಪೂರ್ತಿ ಮುಚ್ಚಲಿಲ್ಲ. 2024ರ ಜೂನ್ ಕೊನೆಯಲ್ಲಿ ಹೊಸ ಉಕ್ಕು ಸಚಿವರಾದ ಎಚ್.ಡಿ. ಕುಮಾರಸ್ವಾಮಿಯವರು ಭದ್ರಾವತಿಗೆ ಬಂದು ಪುನಶ್ಚೇತನದ ಭರವಸೆ ಕೊಟ್ಟರು. ಭರವಸೆಯನ್ನು ನಾನು ಹೀಗಳೆಯುವುದಿಲ್ಲ. ಆದರೆ ಭರವಸೆಯಿಂದ ಕುಲುಮೆ ಕಾಯುವುದಿಲ್ಲ.

ದೆಹಲಿಯನ್ನೇ ದೂರಿ ಕೈತೊಳೆದುಕೊಳ್ಳುವ ಚಟ ನಮ್ಮಲ್ಲಿದೆ. ಅದಕ್ಕೆ ಮದ್ದು ಪಕ್ಕದ ಪೇಪರ್ ಟೌನಿನಲ್ಲಿದೆ. ಕಾಗದದ ಕಾರ್ಖಾನೆ ಕೇಂದ್ರದ್ದಲ್ಲ. ಅದರ ಹಿಡಿತ ಇದ್ದದ್ದು ನಮ್ಮ ರಾಜ್ಯ ಸರಕಾರದ ಕೈಯಲ್ಲಿ. ಅದರ ಕಾಗದದ ಮೇಲೆ ಕನ್ನಡ ಪತ್ರಿಕೆಗಳು ಅಚ್ಚಾದವು. 2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. ಕನ್ನಡವೇ ಸತ್ಯ ಎಂದು ಘೋಷಿಸುವ ಸರಕಾರಗಳು, ಎಲ್ಲ ಪಕ್ಷದವು, ಕನ್ನಡ ಅಚ್ಚಾಗುವ ಕಾಗದದ ಕಾರ್ಖಾನೆ ನಿಂತದ್ದನ್ನು ನೋಡುತ್ತ ಕುಳಿತವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆಯಂತೆ, ಗಣಿ ಕೊಡಬೇಕಾದದ್ದು ರಾಜ್ಯವೆಂದು ಕೇಂದ್ರ, ಹಣ ಹೂಡಬೇಕಾದದ್ದು ಕೇಂದ್ರವೆಂದು ರಾಜ್ಯ. ನಡುವೆ ಹೊಲ ಪಾಳು ಬಿದ್ದಿತು.

ಪಾಳು ಎಂಬುದು ಅಲಂಕಾರದ ಮಾತಲ್ಲ. 2001ರ ಜನಗಣತಿಯಲ್ಲಿ ಭದ್ರಾವತಿ ನಗರದ ಜನಸಂಖ್ಯೆ ಸುಮಾರು 1 ಲಕ್ಷ 60 ಸಾವಿರ. 2011ರಲ್ಲಿ ಸುಮಾರು 1 ಲಕ್ಷ 51 ಸಾವಿರ. ದೇಶದ ನಗರಗಳೆಲ್ಲ ಉಕ್ಕಿ ಹರಿದ ದಶಕದಲ್ಲಿ ನಮ್ಮ ಊರು ಕುಗ್ಗಿತು. ನಾನು ಹುಟ್ಟಿದ ಸಾಲಿನಲ್ಲಿ ಈಗ ಮಾಡು ಕುಸಿದ ಮನೆಗಳಿವೆ. ಅಂಗಳದಲ್ಲಿ ಲಂಟಾನ ಬೆಳೆದಿದೆ.

ಎರಡು ವರ್ಷದ ಹಿಂದೆ ನನ್ನ ತಂಗಿಯ ಮಗ ಐಟಿಐ ಫಿಟ್ಟರ್ ಪ್ರಮಾಣಪತ್ರ ಹಿಡಿದುಕೊಂಡು ಮಾಟುಂಗದ ನಮ್ಮ ಮನೆಗೆ ಬಂದ. ಅವನ ಅಜ್ಜ ಮಾಡಿದ ಕೆಲಸಕ್ಕೆ ಬೇಕಾದ ವಿದ್ಯೆಯೇ ಅದು. ಇನ್ನು ಸ್ವಲ್ಪ ದಿನ ಊರಲ್ಲೇ ನೋಡಬಹುದಿತ್ತಲ್ಲೋ ಎಂದೆ. "ಮಾವ, ಕಾರ್ಖಾನೆ ಗೇಟು ನೋಡ್ಕೊಂಡು ಕೂತ್ರೆ ನಂಗೂ ಅದರಷ್ಟೇ ವಯಸ್ಸಾಗುತ್ತೆ," ಎಂದ. ಈಗ ಭಿವಂಡಿಯ ಗೋದಾಮೊಂದರಲ್ಲಿ ಪೆಟ್ಟಿಗೆಗಳ ಲೆಕ್ಕ ಬರೆಯುತ್ತಾನೆ. ಕೆಲಸ ಕೆಟ್ಟದ್ದಲ್ಲ, ಅವನಿಗೆ ದೂರೂ ಇಲ್ಲ. ಆದರೆ ಕಬ್ಬಿಣ ಎರೆಯುವುದನ್ನು ಮೂರು ತಲೆಮಾರು ಕಲಿತ ಕೈಗಳು ಈಗ ಪೆಟ್ಟಿಗೆ ಎಣಿಸುತ್ತಿವೆ. ಈ ನಷ್ಟ ಯಾವ ಕಂಪನಿಯ ಲೆಕ್ಕಪತ್ರದಲ್ಲಿ ನಮೂದಾಗುತ್ತದೆ?

*

ಇಷ್ಟರ ಮೇಲೂ, ದೂರದ ಊರಿನ ಕಥೆ ನಮಗೇಕೆ ಎನ್ನುವವರಿದ್ದರೆ, ಮಾಟುಂಗದಲ್ಲಿ ಲೋಕಲ್ ಹತ್ತಿ ದಾದರ್ ದಾಟಿ ಪರೇಲ್, ಕರಿ ರೋಡ್ ಕಡೆ ಹೋಗಿ ನೋಡಲಿ. ಗಿರಣಗಾಂವ್ ಎಂಬ ಹೆಸರು ಹೊತ್ತಿದ್ದ ಆ ನೆಲದಲ್ಲಿ ಕೊಂಕಣಿಗರ, ಘಾಟಿಗರ ಜೊತೆಗೆ ನಮ್ಮ ಸೊಲ್ಲಾಪುರ, ಬಿಜಾಪುರ ಕಡೆಯವರೂ ದುಡಿದಿದ್ದರು. ಗಿರಣಿ ಕಾರ್ಮಿಕರ ಮಹಾಮುಷ್ಕರ ಆರಂಭವಾದದ್ದು 1982ರ ಜನವರಿ 18ರಂದು. ಭದ್ರಾವತಿಯ ಕಾರ್ಖಾನೆ ಹುಟ್ಟಿದ ತಾರೀಕೇ ಅದು. ಗಿರಣಿಗಳು ನಷ್ಟದಲ್ಲಿವೆ ಎಂದರು, ಹಳತಾದವು ಎಂದರು. 1991ರ ನಿಯಮದ ಪ್ರಕಾರ ಗಿರಣಿಯ ಭೂಮಿಯಲ್ಲಿ ಮೂರರಲ್ಲಿ ಒಂದು ಪಾಲು ನಗರದ ಬಯಲಿಗೆ, ಒಂದು ಪಾಲು ಬಡವರ ಮನೆಗೆ, ಒಂದು ಪಾಲು ಮಾಲೀಕರಿಗೆ ಎಂದಿತ್ತು. 2001ರ ತಿದ್ದುಪಡಿ, ಕಟ್ಟಡವಿಲ್ಲದ ಖಾಲಿ ಜಾಗಕ್ಕೆ ಮಾತ್ರ ಈ ಹಂಚಿಕೆ ಎಂದಿತು. 2006ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಭೋಂಗಾ ಕೂಗುತ್ತಿದ್ದಲ್ಲಿ ಇಂದು ಗಾಜಿನ ಗೋಪುರಗಳಿವೆ. ಗಿರಣಿ ನಷ್ಟದಲ್ಲಿತ್ತು, ಗಿರಣಿಯ ನೆಲ ಮಾತ್ರ ಎಂದೂ ನಷ್ಟದಲ್ಲಿರಲಿಲ್ಲ. ಭದ್ರಾವತಿಯಲ್ಲೂ ಕಾರ್ಖಾನೆಗೆ ವಿಸ್ತಾರವಾದ ಭೂಮಿಯಿದೆ, ನದಿಯಿದೆ, ರೈಲಿದೆ. ಕುಲುಮೆ ಆರಿದ ದಿನ ಆ ನೆಲದ ಮೇಲೆ ಎಷ್ಟು ಕಣ್ಣುಗಳು ಬೀಳುತ್ತವೆ ಎಂಬುದನ್ನು ಮುಂಬಯಿಯ ಕನ್ನಡಿಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೇರೆಯವರು ಹೇಗೆ ಕಾಪಾಡಿಕೊಂಡರು ಎಂಬುದನ್ನೂ ನೋಡೋಣ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಗೂ ಸ್ವಂತ ಅದಿರಿನ ಗಣಿಯಿಲ್ಲ. ಅದೂ ನಷ್ಟದಲ್ಲಿತ್ತು, ಅದನ್ನೂ ಮಾರುವ ನಿರ್ಧಾರವಾಗಿತ್ತು. ಆದರೆ 1966ರಲ್ಲಿ ಆ ಕಾರ್ಖಾನೆಗಾಗಿ ಪ್ರಾಣ ಕೊಟ್ಟವರ ನೆನಪು ತೆಲುಗರಲ್ಲಿ ಆರಿರಲಿಲ್ಲ. ವರ್ಷಗಟ್ಟಲೆ ಅವರು ಬೀದಿಯಲ್ಲಿ ಕುಳಿತರು, ಪಕ್ಷಗಳೆಲ್ಲ ಮಣಿಯಲೇಬೇಕಾಯಿತು. 2025ರ ಜನವರಿಯಲ್ಲಿ ಕೇಂದ್ರ ಸಂಪುಟ 11,440 ಕೋಟಿ ರೂಪಾಯಿಯ ನೆರವನ್ನು ಮಂಜೂರು ಮಾಡಿತು. ಆಂಧ್ರಕ್ಕೆ ಸಿಕ್ಕಿತಲ್ಲ ಎಂದು ಹೊಟ್ಟೆಕಿಚ್ಚು ಪಡಬೇಕಾಗಿಲ್ಲ. ನಷ್ಟವೆಂಬುದು ವಿಧಿಲಿಖಿತವಲ್ಲ, ಕೇಳುವವರಿದ್ದರೆ ತಿದ್ದಬಹುದಾದ ಬರಹ ಎಂಬುದನ್ನು ಕಲಿತರೆ ಸಾಕು.

ನಾವು ಕೇಳಿದೆವೆ? ಇಲ್ಲಿಗೆ ನನ್ನ ಮಾತು ನಮ್ಮ ಕಡೆಗೇ ತಿರುಗಬೇಕು. ಈ ಆರೋಪಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಹೊರನಾಡಿನಲ್ಲಿ ನಾವು ಕನ್ನಡವನ್ನು ಪ್ರೀತಿಸುತ್ತೇವೆ, ಯಕ್ಷಗಾನ ಆಡಿಸುತ್ತೇವೆ, ಕವಿಗಳನ್ನು ಕರೆಸಿ ಶಾಲು ಹೊದಿಸುತ್ತೇವೆ. ಇವೆಲ್ಲ ಬೇಕು. ಆದರೆ ಕನ್ನಡ ಎಂದರೆ ಅಕ್ಷರಮಾಲೆ ಮಾತ್ರವೆಂದು ನಾವು ಯಾವಾಗ ತೀರ್ಮಾನಿಸಿದೆವು? ಈ ನಗರದಲ್ಲಿ ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗಾಗಿ ಕನ್ನಡ ರಾತ್ರಿಶಾಲೆ ನಡೆಸಿದ ನಮ್ಮ ಹಿರಿಯರಿಗೆ ಅನ್ನಕ್ಕೂ ಅಕ್ಷರಕ್ಕೂ ಇರುವ ಸಂಬಂಧ ಗೊತ್ತಿತ್ತು. 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿ, ಈ ಪ್ರಾಂತದ ನೀರಾವರಿಗೆ ದುಡಿದು, ಆ ಅನುಭವವನ್ನು ತಾಯ್ನಾಡಿಗೆ ಹೊತ್ತೊಯ್ದ ವಿಶ್ವೇಶ್ವರಯ್ಯನವರೂ ನಮ್ಮಂತೆ ಹೊರನಾಡಿನಲ್ಲಿ ದುಡಿದವರೇ. ಕಲಿತದ್ದನ್ನು ಅವರು ಊರಿಗೆ ಕೊಂಡೊಯ್ದರು. ನಾವು ಊರಿನಿಂದ ತಂದದ್ದನ್ನು ಇಲ್ಲಿ ಪ್ರದರ್ಶನಕ್ಕಿಟ್ಟಿದ್ದೇವೆ.

ನಮ್ಮಲ್ಲಿ ಲೆಕ್ಕಪರಿಶೋಧಕರಿದ್ದಾರೆ, ವಕೀಲರಿದ್ದಾರೆ, ಬ್ಯಾಂಕಿನವರಿದ್ದಾರೆ, ಎಂಜಿನಿಯರುಗಳಿದ್ದಾರೆ, ನನ್ನಂಥ ಕಡತದ ಹುಳುಗಳಿದ್ದಾರೆ. ಭದ್ರಾವತಿಯ ಕಾರ್ಮಿಕರ ಬಳಿ ಇಲ್ಲದ್ದು ಇದೇ. ನಮ್ಮ ಸಂಘಗಳು ಒಟ್ಟಾಗಿ ಕೇಳಬೇಕಾದ ಪ್ರಶ್ನೆಗಳು ಮೂರೇ. ಒಂದು, ಈ ಕಾರ್ಖಾನೆಗೆ ಮೀಸಲಾದ ಗಣಿ ಯಾವುದು, ಅದರ ಅದಿರು ಯಾವ ದಿನಾಂಕದೊಳಗೆ ಬರುತ್ತದೆ? ಎರಡು, ಪುನಶ್ಚೇತನಕ್ಕೆ ಎಷ್ಟು ಹಣ, ಯಾವ ವರ್ಷದ ಬಜೆಟ್ಟಿನಲ್ಲಿ? ಮೂರು, ಏನೇ ಆಗಲಿ, ಕಾರ್ಖಾನೆಯ ಭೂಮಿಯನ್ನು ಉದ್ಯಮಕ್ಕಲ್ಲದೆ ಬೇರೆ ಯಾವುದಕ್ಕೂ ಬಳಸುವುದಿಲ್ಲವೆಂದು ಎರಡೂ ಸರಕಾರಗಳು ಬರೆದುಕೊಡುತ್ತವೆಯೆ? ಹಳೆಯ ಕುಲುಮೆಯನ್ನೇ ಹಚ್ಚಿರೆಂದು ನಾನು ಹಟ ಹಿಡಿಯುವುದಿಲ್ಲ. ಅಷ್ಟು ಸಣ್ಣ ಊದುಕುಲುಮೆಯಿಂದ ಇಂದಿನ ಪೈಪೋಟಿ ಸಾಧ್ಯವಿಲ್ಲದಿರಬಹುದು. ರೈಲ್ವೆಗೆ, ರಕ್ಷಣೆಗೆ, ವಾಹನಗಳಿಗೆ ಬೇಕಾದ ವಿಶೇಷ ಉಕ್ಕಿನ ದಾರಿಯೇ ಸರಿಯಿರಬಹುದು. ಐದನೆಯ ಹುಟ್ಟು ಯಾವ ರೂಪದಲ್ಲಿರಬೇಕೆಂದು ತಜ್ಞರು ಹೇಳಲಿ. ಹುಟ್ಟು ಬೇಕೇ ಬೇಡವೇ ಎಂಬುದನ್ನು ಹೇಳಬೇಕಾದವರು ನಾವು.

ಆ ಹಿರಿಯ ಮಿತ್ರರಿಗೆ ನನ್ನ ಉತ್ತರ ಇಷ್ಟೇ. ಸೂತಕ ಬೇಡವೆಂದಿರಿ; ಸರಿಯೇ, ಸಾಯದವರಿಗೆ ಸೂತಕವಿಲ್ಲ. ಈ ಸೆಪ್ಟೆಂಬರ್ 15ರಂದು ನಾವಿಬ್ಬರೂ ಮತ್ತೆ ಸಿಗೋಣ. ಹಾರದ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಮೇಲಿನ ಮೂರು ಪ್ರಶ್ನೆಗಳ ಪತ್ರವೊಂದನ್ನು ಅಂಚೆಗೆ ಹಾಕೋಣ. ಕರಡನ್ನು ನಾನು ಬರೆಯುತ್ತೇನೆ. ಲೆಕ್ಕವನ್ನು ನೀವು ತಾಳೆ ನೋಡಬೇಕು. ಮೊದಲ ಸಹಿ ನಿಮ್ಮದಾಗಿರಲಿ.